ಡೆಸ್ಟಿನಿ 2: ಹೊಸ ಎಕ್ಸ್‌ಪ್ಯಾನ್ಷನ್ ತಗೊಂಡೆ, ಆಡಲು ಮನಸ್ಸೇ ಇಲ್ಲ. ನಿಮಗೂ ಹೀಗಾಗಿದೆಯಾ?

ರಾತ್ರಿಪಾಳಿ_ಟೈಟನ್:
ಎಲ್ಲರಿಗೂ ನಮಸ್ಕಾರ. ಇದು ಗೊಣಗಾಟದ ಪೋಸ್ಟ್, ಮೊದಲೇ ಹೇಳಿಬಿಡುತ್ತೇನೆ.

2017ರ ಅಕ್ಟೋಬರ್‌ನಲ್ಲಿ ಡೆಸ್ಟಿನಿ 2, ಬಂಗಿ ಕಂಪನಿಯ ಈ ಆನ್‌ಲೈನ್ ಶೂಟರ್ ಆಟ, ಪಿಸಿಗೆ ಬಂತಲ್ಲ, ಆ ವಾರದಿಂದ ಆಡುತ್ತಿದ್ದೇನೆ. ಸ್ಟೀಮ್‌ನಲ್ಲಿ (ಪಿಸಿ ಆಟಗಳ ಆನ್‌ಲೈನ್ ಅಂಗಡಿ) 2,900 ಗಂಟೆ ತೋರಿಸುತ್ತದೆ. 2019ಕ್ಕೆ ಮುಂಚೆ ಬ್ಯಾಟಲ್‌ನೆಟ್‌ನಲ್ಲಿ ಆಡಿದ್ದು ಅದರಲ್ಲಿ ಸೇರಿಲ್ಲ, ಸೇರಿಸಿ ಹೇಳುವ ಧೈರ್ಯವೂ ಇಲ್ಲ.

ಮುಂಚೆಯೆಲ್ಲ ಹೊಸ ಎಕ್ಸ್‌ಪ್ಯಾನ್ಷನ್ (ದುಡ್ಡು ಕೊಟ್ಟು ಆಟಕ್ಕೆ ಸೇರಿಸಿಕೊಳ್ಳುವ ಹೊಸ ಕಥೆ) ಅಂದರೆ ನಮಗೆ ಹಬ್ಬ. ಮಂಗಳವಾರ ರಾತ್ರಿ ಹತ್ತೂವರೆಗೆ ವಾರದ ರೀಸೆಟ್, ಆಟದಲ್ಲಿ ಹೊಸ ವಾರ ಶುರುವಾಗುವ ಹೊತ್ತು. ಹತ್ತಕ್ಕೇ ಊಟ ಮುಗಿಸಿ, ಫ್ಲಾಸ್ಕಿಗೆ ಕಾಫಿ ಹಾಕಿಕೊಂಡು, ಬುಧವಾರ ಆಫೀಸಿಗೆ ಜ್ವರ ಅಂತ ಮೆಸೇಜ್ ರೆಡಿ ಮಾಡಿಟ್ಟು ಕೂರುತ್ತಿದ್ದೆ. ಸರ್ವರ್ ಕ್ಯೂನಲ್ಲಿ ಕಾಯುವುದೂ ಮಜಾನೇ ಇತ್ತು. 2025ರ ಡಿಸೆಂಬರ್ 2ಕ್ಕೆ ರೆನೆಗೇಡ್ಸ್ ಬಂತು, ಇದೇ ಆ ಹೊಸ ಎಕ್ಸ್‌ಪ್ಯಾನ್ಷನ್. ಸ್ಟಾರ್ ವಾರ್ಸ್ ವಾಸನೆ ಹೊಡೆಯುವ ಕಥೆ, ಗುಂಡು ತುಂಬಿಸುವ ಬದಲು ಬಿಸಿಯಾಗುವ ಬ್ಲಾಸ್ಟರ್ ಗನ್‌ಗಳು. ದುಡ್ಡು ಕೊಟ್ಟೆ, ಡೌನ್‌ಲೋಡ್ ಮಾಡಿದೆ, ಎರಡು ಮಿಷನ್ ಆಡಿದೆ. ಚೆನ್ನಾಗಿಯೇ ಇದೆ. ಆಮೇಲೆ ಆಟ ಮುಚ್ಚಿ ಯೂಟ್ಯೂಬ್‌ನಲ್ಲಿ ಬೋರ್‌ವೆಲ್ ಕೊರೆಯುವ ವಿಡಿಯೋ ನೋಡುತ್ತಾ ಕೂತೆ. ಒಂದೂವರೆ ಗಂಟೆ. ತಮಾಷೆಗೆ ಹೇಳ್ತಿಲ್ಲ.

ಆಟವನ್ನು ಬೈಯಲು ಬಂದಿಲ್ಲ. ಗನ್ ಹೊಡೆದಾಗ ಕೈಗೆ ಸಿಗುವ ಆ ಮಜಾ ಬೇರೆ ಯಾವ ಶೂಟರ್‌ನಲ್ಲೂ ನನಗೆ ಸಿಕ್ಕಿಲ್ಲ. ಆದರೂ ಲಾಗಿನ್ ಆದ ತಕ್ಷಣ ಸೋಮವಾರ ಬೆಳಿಗ್ಗೆ ಆಫೀಸ್ ಮೇಲ್ ತೆರೆದ ಹಾಗಾಗುತ್ತದೆ. ಇದು ಆಟದ ತಪ್ಪಾ ನನ್ನ ತಪ್ಪಾ, ಅದನ್ನು ಹೇಳಿ.

ಸುಮ್ನೆ_ಓದ್ತೀನಿ:
ನನಗೂ ಹಾಗೇ. ಬೋರ್‌ವೆಲ್ ವಿಡಿಯೋ ಲಿಂಕ್ ಹಾಕಿ.

ಕುಡ್ಲ_ಹಂಟರ್:
ಎಂಥದ್ದು ತಪ್ಪು ಮಾರಾಯ್ರೆ, ಕಥೆ ಮುಗಿದಿದೆ ಅಷ್ಟೇ. 2014ರಲ್ಲಿ ಮೊದಲ ಡೆಸ್ಟಿನಿಯಿಂದ ಎಳೆದುಕೊಂಡು ಬಂದ ಬೆಳಕು ಕತ್ತಲೆಯ ಕಥೆ 2024ರ ಜೂನ್‌ನಲ್ಲಿ ದಿ ಫೈನಲ್ ಶೇಪ್ ಎಕ್ಸ್‌ಪ್ಯಾನ್ಷನ್‌ಗೆ ಮುಗಿಯಿತು. ಕೊನೆಯ ಮಿಷನ್ ನೆನಪಿದೆಯಾ? 12 ಜನ ಒಟ್ಟಿಗೆ ಆಡಿದ್ದು, ಕಥೆಯ ದೊಡ್ಡ ಖಳ ವಿಟ್ನೆಸ್ ಸತ್ತದ್ದು. ನಾನು ಆವತ್ತು ಬೆಳಗಿನ ಜಾವ ಮೂರಕ್ಕೆ ಒಬ್ಬನೇ ಚಪ್ಪಾಳೆ ತಟ್ಟಿದ್ದೇನೆ, ಪಕ್ಕದ ಮನೆ ನಾಯಿ ಬೊಗಳಿತು. ಮದುವೆ ಮುಗಿದು, ಊಟ ಆಗಿ, ಬಾಳೆಲೆ ಎತ್ತಿದ ಮೇಲೂ ಚಪ್ಪರದ ಅಡಿಯಲ್ಲೇ ಕೂತರೆ ಬೋರ್ ಆಗದೆ ಇನ್ನೇನು?

ಬೆಣ್ಣೆದೋಸೆ77:
ಕುಡ್ಲ ಅಣ್ಣ, ಕಥೆಗೋಸ್ಕರ ಡೆಸ್ಟಿನಿ ಆಡಿದವರು ಊರಿಗೊಬ್ಬರು ಸಿಗಬಹುದು. ಉಳಿದವರೆಲ್ಲ ಗನ್‌ಗೋಸ್ಕರ ಆಡಿದವರು. ನನ್ನ ಉತ್ಸಾಹ ಸತ್ತದ್ದು 2025ರ ಜುಲೈ 15ಕ್ಕೆ, ದಿನಾಂಕ ಸಮೇತ ಹೇಳುತ್ತೇನೆ. ದಿ ಎಡ್ಜ್ ಆಫ್ ಫೇಟ್ ಎಕ್ಸ್‌ಪ್ಯಾನ್ಷನ್ ಬಂದ ದಿನ. ನಮ್ಮೆಲ್ಲರ ಪವರ್ (ಆಟದಲ್ಲಿ ನಮ್ಮ ಬಲದ ಅಂಕ) ತಂದು 10ಕ್ಕೆ ಇಳಿಸಿದರು. 10! ಹತ್ತು ವರ್ಷದಿಂದ ದೇವರುಗಳನ್ನು ಕೊಂದುಕೊಂಡು ಬಂದವನಿಗೆ ಅಂಗನವಾಡಿಗೆ ಸೇರಿಕೋ ಅಂದ ಹಾಗೆ. ಅಲ್ಲಿಂದ 200, ಆಮೇಲೆ ಮೇಲಕ್ಕೆ ಹತ್ತಿ ಹತ್ತಿ 550. ಹತ್ತುವುದು ಹೇಗೆ? ಪೋರ್ಟಲ್ ಅಂತ ಒಂದು ಪಟ್ಟಿ ತೆರೆದುಕೊಳ್ಳುತ್ತದೆ, ಅದರಲ್ಲಿ ಅದೇ ನಾಲ್ಕು ಹಳೆ ಮಿಷನ್ ದಿನಾ ಆಡಬೇಕು. ನಾನು ಒಂದೇ ಹತ್ತು ನಿಮಿಷದ ಮಿಷನ್ ಎಷ್ಟು ಸಲ ಆಡಿದೆ ಅಂದರೆ ಅದರಲ್ಲಿ ಎಲ್ಲಿ ಯಾವ ಶತ್ರು ಬರುತ್ತಾನೆ ಅಂತ ಕನಸಿನಲ್ಲೂ ಗೊತ್ತು.

ಹೊಸ ಜಾಗ ಕೆಪ್ಲರ್‌ನಲ್ಲಿ ಚೆಂಡಾಗಿ ಉರುಳುವುದು ಬೇರೆ. ಮ್ಯಾಟರ್‌ಸ್ಪಾರ್ಕ್. ನಾನು ಗನ್ ಹಿಡಿಯಲು ಬಂದವನು, ಗೋಲಿ ಆಡಲು ಅಲ್ಲ.

ಲೆಕ್ಕದ_ವಾರ್ಲಾಕ್:
ಒಂದು ಸಣ್ಣ ತಿದ್ದುಪಡಿ. ಪ್ರತಿ ಸೀಸನ್‌ಗೂ ಪವರ್ ಇಳಿಸುತ್ತೇವೆ ಅನ್ನುವ ಪ್ಲಾನ್ ಇತ್ತು, ಆದರೆ ಜನ ಕೂಗಾಡಿದ ಮೇಲೆ ಅದನ್ನು ಕೈಬಿಟ್ಟರು. ರೆನೆಗೇಡ್ಸ್‌ಗೆ ಯಾರ ಪವರ್ರೂ ಕೆಳಗೆ ಹೋಗಿಲ್ಲ.

ಬೆಣ್ಣೆದೋಸೆ77:
ಕೈಬಿಟ್ಟರು ಸರಿ. ನಾನು ಅಷ್ಟರಲ್ಲಿ ಆಟ ಬಿಟ್ಟಿದ್ದೆ.

ಮ್ಯಾಟರ್‌ಸ್ಪಾರ್ಕ್_ಅಭಿಮಾನಿ:
ಗೋಲಿ ಆಡುವುದು ನನಗೆ ಇಷ್ಟ ಆಯಿತು. ಹೊಡೆಯಬೇಡಿ.

ಹೊಸಬ_ಶಿವಮೊಗ್ಗ:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಾನು ಈ ಆಟ ಆಡೇ ಇಲ್ಲ. ನನ್ನ ಕಸಿನ್ ಶುರು ಮಾಡು ಅಂತ ಹಿಂದೆ ಬಿದ್ದಿದ್ದಾನೆ. ಈಗ ಶುರು ಮಾಡಬಹುದಾ? ಕಥೆ ಮೊದಲಿನಿಂದ ಆಡಬೇಕು ಅಂತ ಆಸೆ.

ಹಳೇ_ಗ್ಯಾಲಿಹಾರ್ನ್:
ಮೊದಲಿನಿಂದ ಅಂದ್ರಾ? ಕೂತ್ಕೊಳ್ಳಿ ತಮ್ಮಾ.

ಡೆಸ್ಟಿನಿ 2ರ ಮೊದಲ ಕಥೆ ರೆಡ್ ವಾರ್. ಅದು ಈಗ ಆಟದಲ್ಲಿ ಇಲ್ಲ. 2020ರ ನವೆಂಬರ್ 10ಕ್ಕೆ ಬಿಯಾಂಡ್ ಲೈಟ್ ಬಂದ ದಿನವೇ ಅದನ್ನು ತೆಗೆದರು. ಮಾರ್ಸ್, ಮರ್ಕ್ಯುರಿ, ಐಓ, ಟೈಟನ್, ಲೆವಿಯಾಥನ್ ಹಡಗು, ಐದೂ ಜಾಗ ಒಟ್ಟಿಗೆ ಮಾಯ. ಜೊತೆಗೆ ಐದು ರೇಡ್, ಆರು ಜನ ಸೇರಿ ಆಡುವ ದೊಡ್ಡ ಮಿಷನ್‌ಗಳು. 2022ರ ಫೆಬ್ರವರಿಯಲ್ಲಿ ಫೋರ್ಸೇಕನ್ ಕಥೆಯೂ ಹೋಯಿತು, ಎಲ್ಲರೂ ಅತ್ತ, ಕೇಡ್-6 ಅನ್ನುವ ಪಾತ್ರದ ಸಾವಿನ ಕಥೆ ಅದು. ಎಲ್ಲ ದುಡ್ಡು ಕೊಟ್ಟು ತಗೊಂಡ ಕಥೆಗಳು. ಆಟ ತುಂಬಾ ದೊಡ್ಡದಾಯಿತು, ಅಪ್‌ಡೇಟ್ ಮಾಡುವುದು ಕಷ್ಟವಾಯಿತು ಅನ್ನುವುದು ಕೊಟ್ಟ ಕಾರಣ. ಇರಬಹುದು. ಮನೆ ಚಿಕ್ಕದಾಯಿತು ಅಂತ ಅಜ್ಜನನ್ನೇ ಹೊರಗೆ ಹಾಕುತ್ತಾರಾ?

ಇನ್ನೂ ಒಂದು ತಮಾಷೆ ಕೇಳಿ. ಅಮೆರಿಕದಲ್ಲಿ ಒಬ್ಬ ಬರಹಗಾರ ರೆಡ್ ವಾರ್ ಕಥೆ ನನ್ನದು ಅಂತ ಕೇಸ್ ಹಾಕಿದ. ಕೋರ್ಟಿಗೆ ಕಥೆ ತೋರಿಸೋಣ ಅಂದರೆ ಬಂಗಿಯವರಿಗೆ ತಮ್ಮದೇ ಆಟದ ಆ ಭಾಗ ಓಡಿಸಿ ತೋರಿಸಲು ಆಗಲಿಲ್ಲ. ಜನ ಹಾಕಿದ್ದ ಯೂಟ್ಯೂಬ್ ವಿಡಿಯೋಗಳನ್ನೇ ಕೊಟ್ಟರು! ಹೊಸಬರೇ, ನೀವೂ ಅದೇ ಯೂಟ್ಯೂಬ್ ನೋಡಿ.

ಹುಬ್ಬಳ್ಳಿ_ಗಿರ್ಮಿಟ್:
ಯಾಕ್ರೀ ಸರ, ಪಾಪ ಹುಡುಗನ್ನ ಹೆದರಿಸ್ತೀರಿ. ಶುರು ಮಾಡಪ್ಪಾ ತಮ್ಮಾ, ಬೇಸ್ ಆಟ ಫ್ರೀ ಐತಿ. ದಿ ವಿಚ್ ಕ್ವೀನ್ ಎಕ್ಸ್‌ಪ್ಯಾನ್ಷನ್ ಕಥೆ ಆಡು, ಲೆಜೆಂಡರಿ ಡಿಫಿಕಲ್ಟಿ ಇಟ್ಟು ಆಡು, ಮೂರು ದಿನ ನಿದ್ದಿ ಬರಂಗಿಲ್ಲ. ಇವರೆಲ್ಲ ಹತ್ತು ವರ್ಷ ಉಂಡು ಈಗ ಉಪ್ಪು ಕಮ್ಮಿ ಅನ್ನೋರು.

ಹಳೇ_ಗ್ಯಾಲಿಹಾರ್ನ್:
ಉಂಡವರೇ ತಾನೇ ಉಪ್ಪು ಕಮ್ಮಿ ಅನ್ನಬೇಕು, ಉಣ್ಣದವರು ಹೇಗೆ ಹೇಳುತ್ತಾರೆ ಗಿರ್ಮಿಟ್ ಸಾಹೇಬ್ರೇ?

ಡಬ್ಲಿನ್_ಗುಂಡ:
ನನ್ನ ಕಥೆ ಹೇಳುತ್ತೇನೆ. ಇಲ್ಲಿಗೆ ಬಂದ ಮೇಲೆ ರೀಸೆಟ್ ಸಂಜೆ ಐದಕ್ಕೆ, ಬೇಸಿಗೆಯಲ್ಲಿ ಆರಕ್ಕೆ. ಸಕತ್ತಾಯಿತು, ಇನ್ನು ನಿದ್ದೆ ಕೆಡಬೇಕಿಲ್ಲ ಅಂದುಕೊಂಡಿದ್ದೆ. ಸಂಜೆ ಐದು ಗಂಟೆ ಅಂದರೆ ಮಗಳನ್ನು ಕ್ರೆಶ್‌ನಿಂದ ಕರೆತರುವ ಹೊತ್ತು. ಅವಳು ಮಲಗುವ ಹೊತ್ತಿಗೆ ಊರಿನಲ್ಲಿ ನಮ್ಮ ಹುಡುಗರಿಗೆ ರಾತ್ರಿ ಎರಡು. ಒಬ್ಬನೇ ಲಾಗಿನ್ ಆಗಿ ಟವರ್‌ನಲ್ಲಿ (ಆಟದೊಳಗೆ ಎಲ್ಲರೂ ಬಂದು ಸೇರುವ ಜಾಗ) ನಿಂತು, ವಾಲ್ಟ್ ಅನ್ನುವ ಉಗ್ರಾಣದಲ್ಲಿರುವ ಹಳೇ ಗನ್‌ಗಳನ್ನು ಜೋಡಿಸಿಡುತ್ತೇನೆ. ಅಮ್ಮ ಬೀರು ತೆಗೆದು ರೇಷ್ಮೆ ಸೀರೆಗಳನ್ನು ಮತ್ತೆ ಮಡಿಸಿ ಇಡುತ್ತಾರಲ್ಲ, ಅದೇ ತರಹ. ಒಂದನ್ನೂ ಉಡುವುದಿಲ್ಲ, ಒಂದನ್ನೂ ಕೊಡುವುದಿಲ್ಲ.

ರಾತ್ರಿಪಾಳಿ_ಟೈಟನ್:
ಡಬ್ಲಿನ್ ಅಣ್ಣ, ಸೀರೆ ವಿಷಯ ಹೊಟ್ಟೆಗೆ ಹೊಡೆದ ಹಾಗಾಯಿತು. ನನ್ನ ವಾಲ್ಟ್‌ನಲ್ಲೂ 2018ರ ಗನ್‌ಗಳಿವೆ.

ನೀವೆಲ್ಲ ಹೇಳಿದ್ದು ಓದಿದ ಮೇಲೆ ನಾನೂ ಲೆಕ್ಕ ಹಾಕಿದೆ. ರೇಡ್‌ಗೆ ಆರು ಜನ ಬೇಕು. ನಮ್ಮದು ಸರಿಯಾಗಿ ಆರು ಜನರ ಗುಂಪು, ಇಂಜಿನಿಯರಿಂಗ್ ಹಾಸ್ಟೆಲ್‌ನಿಂದ. ಒಬ್ಬ ಟೊರಾಂಟೊಗೆ ಹೋದ, ಅವನಿಗೆ ನಮ್ಮ ರೀಸೆಟ್ ಮಟಮಟ ಮಧ್ಯಾಹ್ನ. ಒಬ್ಬನಿಗೆ ಅವಳಿ ಮಕ್ಕಳು. ಒಬ್ಬ ಊರಿಗೆ ಹೋಗಿ ಅಡಿಕೆ ತೋಟ ನೋಡಿಕೊಳ್ಳುತ್ತಿದ್ದಾನೆ, ಅಲ್ಲಿ ಕರೆಂಟ್ ಇದ್ದರೆ ನೆಟ್ ಇಲ್ಲ. ಇನ್ನೊಬ್ಬನ ಜೊತೆ ಮಾತೇ ನಿಂತಿದೆ, ಆಟದ ವಿಷಯಕ್ಕಲ್ಲ, ಸೈಟ್ ವಿಷಯಕ್ಕೆ. ಉಳಿದದ್ದು ನಾನು ಮತ್ತು ಕಿಟ್ಟಿ. ಕಿಟ್ಟಿ ಈಗ ಬ್ಯಾಡ್ಮಿಂಟನ್ ಆಡ್ತಾನಂತೆ. ನಿಜವಾದ ಬ್ಯಾಡ್ಮಿಂಟನ್, ಹೊರಗೆ ಹೋಗಿ.

ಮೂವತ್ತೆಂಟು_ದಾಟಿತು:
ನೋಡಿ, ಉತ್ತರ ನೀವೇ ಬರೆದಿದ್ದೀರಿ. ಎಲ್ಲರೂ ಆಟ ಬೈಯುವುದು, ಕಂಪನಿ ಬೈಯುವುದು. ವಯಸ್ಸಾಯಿತು ಅಂತ ಒಪ್ಪಿಕೊಳ್ಳಲು ಯಾರಿಗೂ ಇಷ್ಟವಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಎಂಟು ಗಂಟೆ ರೇಡ್ ಮಾಡಿ ಸೋತು ಬೆಳಿಗ್ಗೆ ಇಡ್ಲಿ ತಿಂದು ಮಲಗಿದರೆ ಅದು ನೆನಪು. ಈಗ ಅದೇ ಮಾಡಿದರೆ ಕತ್ತು ನೋವು.

ಬೆಣ್ಣೆದೋಸೆ77:
ಸರ್, ನನಗೆ 24. ನನಗೂ ಬೋರ್ ಆಗಿದೆ. ಅದಕ್ಕೇನಂತೀರಿ?

ಮೂವತ್ತೆಂಟು_ದಾಟಿತು:
ನಿಮಗೆ ಕತ್ತು ನೋವು ಬೇಗ ಬಂದಿದೆ.

ಅಪ್ಪೆಹುಳಿ:
ಇಲ್ಲಿ ರೇಡ್ ಲೀಡ್ ಮಾಡಿದವರು ಯಾರಾದರೂ ಇದ್ದಾರಾ ಅಂತ ನೋಡುತ್ತಿದ್ದೆ, ಯಾರೂ ಇದ್ದ ಹಾಗಿಲ್ಲ. ಹಾಗಾಗಿ ನಾನೇ ಬರೆಯುತ್ತೇನೆ. ನಾಲ್ಕು ವರ್ಷ ಲೀಡ್ ಮಾಡಿದ್ದೇನೆ. ಮೊದಲ ಎರಡು ತಿಂಗಳು ಹೊಸ ಹುಡುಗರೆಲ್ಲ ಮೈಕ್‌ನಲ್ಲಿ ನನ್ನ ದನಿ ಕೇಳಿ 'ಅಕ್ಕ, ಅಣ್ಣ ಯಾವಾಗ ಬರ್ತಾರೆ' ಅನ್ನುತ್ತಿದ್ದರು. ಯಾವ ಅಣ್ಣ?

2021ರ ಮೇನಲ್ಲಿ ವಾಲ್ಟ್ ಆಫ್ ಗ್ಲಾಸ್ ಮತ್ತೆ ಬಂತಲ್ಲ, ಮೊದಲ ಡೆಸ್ಟಿನಿಯ ಮೊದಲ ರೇಡ್. ಅದರಲ್ಲಿ ಒರಾಕಲ್‌ಗಳು ಗೊತ್ತಲ್ಲ. ಒಂದರ ಹಿಂದೆ ಒಂದು ಹೊಳೆದು ಸದ್ದು ಮಾಡುತ್ತವೆ, ಯಾವ ಕ್ರಮದಲ್ಲಿ ಸದ್ದು ಬಂತೋ ಅದೇ ಕ್ರಮದಲ್ಲಿ ಹೊಡೆಯಬೇಕು. ಒಂದು ತಪ್ಪಿದರೂ ಎಲ್ಲರ ಮೇಲೂ ಗುರುತು ಬೀಳುತ್ತದೆ. ಎಲ್ಲರೂ ಎಲ್1, ಆರ್2, ಮಿಡಲ್ ಅಂತ ಎಡ, ಬಲ, ನಡುವಿನ ಜಾಗದ ಹೆಸರು ಕೂಗುತ್ತಾರೆ. ನಮ್ಮ ಆರು ಜನರಲ್ಲಿ ಒಬ್ಬ ಮೈಸೂರಿನ ಹುಡುಗ, ಹತ್ತು ವರ್ಷ ಪಿಟೀಲು ಕಲಿತವನು. ಅವನು ನೋಡುತ್ತಲೇ ಇರಲಿಲ್ಲ. ಗೋಡೆ ಹಿಂದೆ ಅಡಗಿ ಕೂತು ಸದ್ದು ಕೇಳಿ 'ಸ, ಗ, ಪ' ಅನ್ನುತ್ತಿದ್ದ. ಏಳು ಒರಾಕಲ್‌ಗೆ ಸರಿಯಾಗಿ ಏಳು ಸ್ವರ ಇಟ್ಟುಕೊಂಡಿದ್ದ. ಮೊದಲು ಎಲ್ಲರೂ ನಕ್ಕೆವು. ಎರಡನೇ ವಾರಕ್ಕೆ ನಮಗೆಲ್ಲ 'ನಿ' ಎಲ್ಲಿದೆ ಅಂತ ಬಾಯಿಪಾಠ. ಒಂದು ಸಲ ಹೊರಗಿನವನೊಬ್ಬ ನಮ್ಮ ಜೊತೆ ಸೇರಿಕೊಂಡ, ದೆಹಲಿ ಕಡೆಯವನು. ನಾವು ಸರಿಗಮ ಶುರು ಮಾಡಿದ ಕೂಡಲೇ ತಪ್ಪು ಗುಂಪಿಗೆ ಬಂದೆ ಅಂತ ಎರಡೇ ನಿಮಿಷಕ್ಕೆ ಓಡಿಹೋದ.

ಆ ರೇಡ್‌ನಿಂದ ನನಗೆ ಬೇಕಾದ ಗನ್ ವೆಕ್ಸ್ ಮೈಥೋಕ್ಲಾಸ್ಟ್. ಸಿಕ್ಕಿದ್ದು ಮೂವತ್ತೊಂದನೇ ಸಲಕ್ಕೆ. ಸಿಕ್ಕಿದ ಮೇಲೆ ಎಷ್ಟು ಬಳಸಿದೆ ಅಂತ ಕೇಳಿ. ಹೆಚ್ಚೆಂದರೆ ಒಂದು ವಾರ. ಆದರೆ ಆ ಮೂವತ್ತು ವಾರ ಒಂದೂ ತಪ್ಪಿಸಿಲ್ಲ. ನನ್ನ ನಿಶ್ಚಿತಾರ್ಥದ ಹಿಂದಿನ ರಾತ್ರಿಯೂ ಮೆಹಂದಿ ಕೈಯಲ್ಲಿ ಆಡಿದ್ದೇನೆ, ಕೀಬೋರ್ಡ್ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು.

ಹೊಸ ರೇಡ್‌ಗಳು ಕೆಟ್ಟದಾಗಿಲ್ಲ. ಸಾಲ್ವೇಶನ್ಸ್ ಎಡ್ಜ್ ಬಹಳ ಚೆನ್ನಾಗಿದೆ, ನಾಲ್ಕನೇ ಹಂತಕ್ಕೆ ಮಾತ್ರ ಜಾಮಿಟ್ರಿ ಮೇಷ್ಟ್ರು ಬೇಕು. ಆದರೆ ಪಿಟೀಲು ಹುಡುಗ ಈಗ ಆಡಲ್ಲ. ಆಟವೇ ಗುಂಪು ಹುಡುಕಿಕೊಡುವ ಫೈರ್‌ಟೀಮ್ ಫೈಂಡರ್‌ನಲ್ಲಿ ಸಿಗುವವರು ಮಾತೇ ಆಡಲ್ಲ. ಬರ್ತಾರೆ, ಮುಗಿಸ್ತಾರೆ, ಹೋಗ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರ ಹಾಗೆ.

ಕುಡ್ಲ_ಹಂಟರ್:
ಅಕ್ಕ ಇದು ಚಿನ್ನ. ನಮ್ಮ ಗುಂಪಿನಲ್ಲಿ ಈ ಉಪಾಯ ನಡೆಯುತ್ತಿರಲಿಲ್ಲ, ನನ್ನ ಕಿವಿಗೆ ಎಲ್ಲವೂ ಪಂಚಮ.

ಲೆಕ್ಕದ_ವಾರ್ಲಾಕ್:
ಅಪ್ಪೆಹುಳಿ ಅವರು ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. 2014ರಲ್ಲಿ ಲೂಟ್ ಕೇವ್ ಅಂತ ಇತ್ತು, ಕಾಸ್ಮೋಡ್ರೋಮ್‌ನಲ್ಲಿ ಒಂದು ಗುಹೆ. ಶತ್ರುಗಳು ಒಂದೇ ಬಾಯಿಂದ ಹೊರಗೆ ಬರುತ್ತಲೇ ಇರುತ್ತಿದ್ದರು, ನಾವು ದೂರದಲ್ಲಿ ಸಾಲಾಗಿ ನಿಂತು ಹೊಡೆಯುತ್ತಲೇ ಇರುತ್ತಿದ್ದೆವು. ಗಂಟೆಗಟ್ಟಲೆ. ಆಮೇಲೆ ಓಡಿಹೋಗಿ ಬಿದ್ದ ಸಾಮಾನು ಹೆಕ್ಕಿಕೊಳ್ಳುವುದು, ವಾಪಸ್ ಬಂದು ಮತ್ತೆ ಹೊಡೆಯುವುದು. ಆಟ ಬಂದ ತಿಂಗಳೊಳಗೇ ಕಂಪನಿ ಆ ಗುಹೆಯನ್ನು ಮುಚ್ಚಿತು. ಪೋರ್ಟಲ್‌ಗಿಂತ ನೂರು ಪಾಲು ಬೋರ್ ಆಗಬೇಕಿದ್ದ ಕೆಲಸ. ನನಗೆ ಒಂದು ಕ್ಷಣವೂ ಬೋರ್ ಆಗಲಿಲ್ಲ. ಯಾಕೆ ಅಂದರೆ ಅಷ್ಟು ಹೊತ್ತೂ ಮೂರು ಜನ ಹರಟೆ ಹೊಡೆಯುತ್ತಿದ್ದೆವು. ಕೈಗೆ ಕೆಲಸ, ಬಾಯಿಗೆ ಬಿಡುವು. ನಮ್ಮಜ್ಜಿ ಮನೆಯಲ್ಲಿ ಹಪ್ಪಳ ಲಟ್ಟಿಸುವಾಗಲೂ ಹೀಗೇ.

ಬೆಣ್ಣೆದೋಸೆ77:
ಅದನ್ನೇ ಅಲ್ವಾ ನಾನೂ ಹೇಳಿದ್ದು? ಈಗ ಹರಟೆ ಹೊಡೆಯಲು ಬಿಡುವುದಿಲ್ಲ. ಪ್ರತಿ ಮಿಷನ್‌ಗೂ ಮೊದಲು ಮಾಡಿಫೈಯರ್ (ಆಟ ಬದಲಿಸುವ ನಿಯಮ) ಆರಿಸು, ಡಿಫಿಕಲ್ಟಿ ಆರಿಸು, ಈ ಸೀಸನ್‌ನ ಗನ್ ಹಾಕು, ಹಾಕದಿದ್ದರೆ ಬೋನಸ್ ಇಲ್ಲ. ಕೊನೆಗೆ ಪರೀಕ್ಷೆ ಮಾರ್ಕ್ಸ್ ಕಾರ್ಡ್ ತರಹ ಗ್ರೇಡ್ ಕೊಡುತ್ತಾರೆ, ಎ, ಬಿ ಅಂತ. ಆಟದಲ್ಲೂ ಬಿ ಗ್ರೇಡ್ ತಗೊಂಡು ಅಪ್ಪನ ಸೈನ್ ಹಾಕಿಸಬೇಕಾ?

ಸುದ್ದಿಕಟ್ಟೆ:
ಒಳಗಿನ ಕಥೆಯನ್ನೂ ನೋಡಬೇಕು. 2022ರಲ್ಲಿ ಸೋನಿ 3.6 ಬಿಲಿಯನ್ ಡಾಲರ್ ಕೊಟ್ಟು ಬಂಗಿಯನ್ನು ಕೊಂಡಿತು. 2023ರ ಅಕ್ಟೋಬರ್‌ನಲ್ಲಿ ಸುಮಾರು 100 ಜನರ ಕೆಲಸ ಹೋಯಿತು, 2024ರ ಜುಲೈ 31ಕ್ಕೆ ಇನ್ನೂ 220 ಜನರದ್ದು. ಫೈನಲ್ ಶೇಪ್ ಬಂದು ಎರಡು ತಿಂಗಳೂ ಆಗಿರಲಿಲ್ಲ, ಅದೂ ಆಟಗಾರರೆಲ್ಲ ಮೆಚ್ಚಿದ ಎಕ್ಸ್‌ಪ್ಯಾನ್ಷನ್. ಜೊತೆಗೆ ಮ್ಯಾರಥಾನ್ ಅನ್ನುವ ಇನ್ನೊಂದು ಆಟದ ಕೆಲಸ ಬೇರೆ. ಅಡುಗೆಯವರನ್ನು ಅರ್ಧ ಕಳಿಸಿ, ಪಕ್ಕದಲ್ಲಿ ಇನ್ನೊಂದು ಹೋಟೆಲ್ ತೆರೆಯುತ್ತಾ, ಇಲ್ಲಿನ ಸಾಂಬಾರ್ ಮೊದಲಿನ ಹಾಗೇ ಇರಬೇಕು ಅಂದರೆ?

ಮೂವತ್ತೆಂಟು_ದಾಟಿತು:
ಸಾಂಬಾರ್ ಮೊದಲಿನ ಹಾಗಿಲ್ಲ ಅನ್ನುವವರೇ ದಿನಾ ಅದೇ ಹೋಟೆಲ್‌ಗೆ ಬಂದು ಕೂರುತ್ತಾರೆ.

ಸುದ್ದಿಕಟ್ಟೆ:
ಸರ್ ನೀವು ಆಟ ಆಡುತ್ತೀರಾ ಅಥವಾ ಇಲ್ಲಿ ಬಂದು ಗಾದೆ ಹೇಳುವುದೇ ಕೆಲಸವಾ?

ಮೂವತ್ತೆಂಟು_ದಾಟಿತು:
2018ಕ್ಕೆ ಬಿಟ್ಟೆ. ಇಲ್ಲಿ ಓದುವುದೇ ಆಟಕ್ಕಿಂತ ಚೆನ್ನಾಗಿದೆ.

ನಿರ್ವಾಹಕ:
ವೈಯಕ್ತಿಕ ಮಾತು ಬೇಡ. ಗಾದೆ ಇರಲಿ.

ಗಣಿ_ಕುಳ್ಳ:
ನೀವೆಲ್ಲ ಒಮ್ಮೆ ಡೀಪ್ ರಾಕ್ ಗ್ಯಾಲಕ್ಟಿಕ್ ಆಡಿ ನೋಡಿ, ನಾನು ಬೇಡಿಕೊಳ್ಳುತ್ತೇನೆ. ನಾಲ್ಕು ಕುಳ್ಳರು, ಒಂದು ಗುಹೆ, ಸಾಮಾನು ಹೊರಲು ಮೊಲಿ ಅನ್ನುವ ಯಂತ್ರದ ಕತ್ತೆ. ಅರ್ಧ ಗಂಟೆಗೆ ಒಂದು ಮಿಷನ್ ಮುಗಿಯುತ್ತದೆ. ಗುರುತಿಲ್ಲದವರ ಜೊತೆ ಆಡಿದರೂ ಎಲ್ಲರೂ 'ರಾಕ್ ಅಂಡ್ ಸ್ಟೋನ್' ಅಂತ ಕೂಗುತ್ತಾರೆ, ಅದಕ್ಕೇ ಒಂದು ಬಟನ್ ಇದೆ. ಮೈಕ್ ಇಲ್ಲದೆಯೂ ಮಾತಾಡಿದ ಹಾಗಾಗುತ್ತದೆ. ಮುಖ್ಯ ವಿಷಯ, ಏನನ್ನೂ ಕಿತ್ತುಕೊಳ್ಳುವುದಿಲ್ಲ. ಹಳೆ ಸೀಸನ್ ತಪ್ಪಿಸಿಕೊಂಡಿದ್ದರೆ ಈಗಲೂ ಅದನ್ನೇ ಆರಿಸಿ ಆಡಬಹುದು. ನಾನು ಎಂಟು ತಿಂಗಳು ಬಿಟ್ಟು ವಾಪಸ್ ಹೋದೆ, ಎಲ್ಲ ಇಟ್ಟಲ್ಲೇ ಇತ್ತು. ಊರಿನ ಮನೆ ಹಾಗೆ.

ಡಬ್ಲಿನ್_ಗುಂಡ:
ಹೆಲ್‌ಡೈವರ್ಸ್ 2 ಕೂಡ. ಅದರ ವಾರ್‌ಬಾಂಡ್ ಅನ್ನುವ ಬಹುಮಾನ ಪಟ್ಟಿಗಳಿಗೂ ಕೊನೆ ದಿನಾಂಕ ಇಲ್ಲ. ನಾಲ್ಕು ಜನ, ಗೆಳೆಯನ ಗುಂಡು ಗೆಳೆಯನಿಗೇ ತಗಲುತ್ತದೆ. ನನ್ನ ಭಾವಮೈದ ಬಾಂಬ್ ಕರೆಯುವ ಚೆಂಡನ್ನು ಪ್ರತಿ ಸಲ ನನ್ನ ಕಾಲ ಬುಡದಲ್ಲೇ ಎಸೆಯುತ್ತಾನೆ. ಬೇಕಂತಲೇ ಅಂತ ಅನುಮಾನ. ಆದರೂ ನಕ್ಕು ನಕ್ಕು ಸಾಕಾಗುತ್ತದೆ.

ಹಳೇ_ಗ್ಯಾಲಿಹಾರ್ನ್:
ಆಡಿದ್ದೇನೆ, ಎರಡೂ. ಚೆನ್ನಾಗಿವೆ. ಆದರೆ ಆ ಗನ್, ಆ ಗನ್ ಹೊಡೆಯುವ ಸದ್ದು... ಬೇಡ ಬಿಡಿ, ಬಿಟ್ಟ ಸಿಗರೇಟಿನ ಬಗ್ಗೆ ಮಾತಾಡಿದ ಹಾಗಾಗುತ್ತದೆ.

ವಾರ್‌ಫ್ರೇಮ್_ಪ್ರಚಾರಕ:
ಯಾರೂ ವಾರ್‌ಫ್ರೇಮ್ ಹೆಸರು ಎತ್ತಿಲ್ಲ ಅಂತ ಬಂದೆ. 2013ರಿಂದ ನಡೆಯುತ್ತಿದೆ, ಫ್ರೀ.

ಕುಡ್ಲ_ಹಂಟರ್:
ಬಂದ್ರು ನೋಡಿ. ಇವರು ಎಲ್ಲ ಚರ್ಚೆಗೂ ಬರ್ತಾರೆ, ಎಲ್‌ಐಸಿ ಏಜೆಂಟ್ ತರಹ.

ಹುಬ್ಬಳ್ಳಿ_ಗಿರ್ಮಿಟ್:
ಆಟ ಬ್ಯಾಸರಾಗಾಕ ಇನ್ನೊಂದು ಕಾರಣ ಐತ್ರಿ, ಯಾರೂ ಹೇಳಿಲ್ಲ. ಎರರ್ ಕೋಡ್. ರೇಡ್ ಬಾಸ್‌ಗೆ ಒಂದ್ ಇಂಚು ಜೀವ ಉಳಿದಿರತೈತಿ, ಅಷ್ಟರಾಗ ಪರದೆ ಮ್ಯಾಲೆ ಬೀವರ್, ವೀಸಲ್, ಬಬೂನ್, ಆಂಟ್‌ಈಟರ್. ನೆಟ್‌ವರ್ಕ್ ಹೋತು ಅನ್ನಾಕ ಝೂ ಯಾಕ ಬೇಕ್ರಿ? ನಾನು ಒಂದ್ ಸಲ ಮುಂಗುಸಿ ನೋಡಿದ್ರ ಶುಭ ಅಂದ್ಕೊಂಡು ವೀಸಲ್ ಬಂದಾಗ ಕೈ ಮುಗದೀನಿ.

ಲೆಕ್ಕದ_ವಾರ್ಲಾಕ್:
ವೀಸಲ್ ಮುಂಗುಸಿ ಅಲ್ಲ.

ಹುಬ್ಬಳ್ಳಿ_ಗಿರ್ಮಿಟ್:
ಗೊತ್ತಾತ್ರಿ ಸರ. ಅದಕ್ಕ ಶುಭ ಆಗಲಿಲ್ಲ.

ಸುಮ್ನೆ_ಓದ್ತೀನಿ:
ಎರರ್ ಕೋಡ್ ಬಿಡಿ, ನಮ್ಮ ಏರಿಯಾದಲ್ಲಿ ಸರಿಯಾಗಿ ಹತ್ತೂವರೆಗೆ ಕರೆಂಟ್ ಹೋಗುತ್ತದೆ. ಯುಪಿಎಸ್ ಬ್ಯಾಟರಿ ಯಾವುದು ಒಳ್ಳೆಯದು? ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿಗೆ ಅರ್ಧ ಗಂಟೆಯಾದರೂ ಬರಬೇಕು.

ಗಣಿ_ಕುಳ್ಳ:
ಅರ್ಧ ಗಂಟೆ ಸಾಕು ಅಂದರೆ ಒಂದು ಡೀಪ್ ರಾಕ್ ಮಿಷನ್ ಆಗುತ್ತದೆ :)

ಲೆಕ್ಕದ_ವಾರ್ಲಾಕ್:
ಮೊದಲು ಪಿಸಿ ಎಷ್ಟು ವ್ಯಾಟ್ ಎಳೆಯುತ್ತದೆ ನೋಡಿಕೊಳ್ಳಿ. ಆಟ ಓಡುವಾಗ ಮಾನಿಟರ್ ಸೇರಿ 400 ವ್ಯಾಟ್ ಇದ್ದರೆ, ಅಂಗಡಿಯಲ್ಲಿ ಸಿಗುವ 600 ವಿಎ ಡಬ್ಬಿ ಸಾಮಾನ್ಯವಾಗಿ ಅಷ್ಟು ಲೋಡ್ ತಾಳುವುದೇ ಇಲ್ಲ, ಅರ್ಧ ಗಂಟೆ ದೂರದ ಮಾತು. ಮನೆಗೆ ಇನ್ವರ್ಟರ್ ಇದ್ದರೆ ಅದಕ್ಕೇ ಕೊಡಿ, ಲೋಡ್ ತಾಳುತ್ತದಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಬೇಡ.

ಅಪ್ಪೆಹುಳಿ:
ಯಾರೋ ಕಥೆಗೋಸ್ಕರ ಯಾರೂ ಆಡಲ್ಲ ಅಂದರಲ್ಲ, ಅದಕ್ಕೆ ಒಂದು ಮಾತು. ಜವಾಲಾ ಪಾತ್ರಕ್ಕೆ ದನಿ ಕೊಟ್ಟ ಲ್ಯಾನ್ಸ್ ರೆಡ್ಡಿಕ್ 2023ರ ಮಾರ್ಚ್‌ನಲ್ಲಿ ತೀರಿಕೊಂಡಾಗ ಟವರ್‌ನಲ್ಲಿ ಜವಾಲಾ ಎದುರು ಜನ ಸಾಲಾಗಿ ನಿಂತಿದ್ದರು. ನಾನೂ ಲಾಗಿನ್ ಆದೆ. ಯಾರಿಗೂ ಯಾರೂ ಗೊತ್ತಿಲ್ಲ. ಕೆಲವರು ಸೆಲ್ಯೂಟ್, ಕೆಲವರು ಮಂಡಿಯೂರಿ. ನನ್ನ ಅಮ್ಮ ಹಿಂದಿನಿಂದ ಬಂದು ನೋಡಿ, ಏನೇ ಇದು, ಎಲ್ಲ ಯಾಕೆ ಸುಮ್ನೆ ನಿಂತಿದ್ದಾರೆ ಅಂದರು. ಹೇಳಿದೆ. ಅವರು ಒಂದು ಕ್ಷಣ ನಿಂತು ನೋಡಿ, ದೀಪ ಹಚ್ಚುವ ಹೊತ್ತಾಯಿತು ಅಂತ ಒಳಗೆ ಹೋದರು.

ಬೆಣ್ಣೆದೋಸೆ77:
ಸರಿ ಅಕ್ಕ. ಊರಿಗೊಬ್ಬರು ಅಂದದ್ದನ್ನು ವಾಪಸ್ ತಗೊಂಡೆ.

ಹೊಸಬ_ಶಿವಮೊಗ್ಗ:
ಎಲ್ಲರಿಗೂ ಥ್ಯಾಂಕ್ಸ್. ಗಿರ್ಮಿಟ್ ಸರ್ ಮಾತು ಕೇಳಿ ಡೌನ್‌ಲೋಡ್‌ಗೆ ಹಾಕಿದೆ. 100 ಜಿಬಿ ಮೇಲೆ ಜಾಗ ಕೇಳಿತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಖಾಲಿ ಇರುವುದು 41. ಅಕ್ಕನ ಮದುವೆ ವಿಡಿಯೋ ಅಳಿಸಿದರೆ ಆಗುತ್ತದೆ, ಆದರೆ ಅಕ್ಕ ನನ್ನನ್ನೇ ಅಳಿಸುತ್ತಾಳೆ. ಹಾಗಾಗಿ ಡೀಪ್ ರಾಕ್ ಹಾಕಿಕೊಂಡೆ, ಮೂರ್ನಾಲ್ಕು ಜಿಬಿ ಅಷ್ಟೇ. ನಿನ್ನೆ ಯಾರೋ ಮೂವರ ಜೊತೆ ಆಡಿದೆ. ದಾರಿ ತಪ್ಪಿ ಗುಂಡಿಗೆ ಬಿದ್ದೆ. ಒಬ್ಬ ಬಂದು ಎತ್ತಿದ.

ಗಣಿ_ಕುಳ್ಳ:
ರಾಕ್ ಅಂಡ್ ಸ್ಟೋನ್ ತಮ್ಮಾ!

ಹಳೇ_ಗ್ಯಾಲಿಹಾರ್ನ್:
ಬಂಗಿಯವರೇ, ನೋಡಿ. ಹಳೇದು ತೆಗೆದೂ ಇನ್ನೂ 100 ಜಿಬಿ.

ರಾತ್ರಿಪಾಳಿ_ಟೈಟನ್:
ಏನಾಯಿತು ಅಂತ ಹೇಳಿಬಿಡುತ್ತೇನೆ. ಇಷ್ಟೆಲ್ಲ ಓದಿದ ಮೇಲೆ ಮೊನ್ನೆ ಮಂಗಳವಾರ ಕಿಟ್ಟಿಗೆ ಫೋನ್ ಮಾಡಿ ಬಾರೋ ಒಂದು ಗಂಟೆ ಅಂದೆ. ಬ್ಯಾಡ್ಮಿಂಟನ್ ಮುಗಿಸಿ ಸ್ನಾನ ಮಾಡಿ ಹನ್ನೊಂದಕ್ಕೆ ಬಂದ. ಅವನ ಹತ್ತಿರ ರೆನೆಗೇಡ್ಸ್ ಇಲ್ಲ, ತಗೊಳ್ಳಲ್ಲ ಅಂದ. ಸರಿ ಅಂತ ಹಳೇ ಸ್ಟ್ರೈಕ್ (ಮೂರು ಜನರ ಸಣ್ಣ ಮಿಷನ್) ಒಂದು ಆಡಿದೆವು. ಮೂರನೆಯವನು ಯಾರೋ ಅಪರಿಚಿತ, ನಮಗಿಂತ ಮುಂದೆ ಓಡಿ ಎಲ್ಲರನ್ನೂ ಕೊಂದು ಹೊರಟುಹೋದ. ನಾವು ಬಾಸ್ ರೂಮ್‌ಗೆ ಹೋಗುವ ಹೊತ್ತಿಗೆ ಬಾಸ್ ಇಲ್ಲ.

ಆಮೇಲೆ ಟವರ್‌ಗೆ ಹೋದೆವು. ಅಲ್ಲಿ ಒಂದು ಫುಟ್‌ಬಾಲ್ ಇದೆಯಲ್ಲ, ಅದನ್ನು ಒದೆಯುತ್ತಾ ಮಾತಾಡುತ್ತಾ ನಿಂತೆವು. ಸೈಟ್ ಜಗಳದ ವಿಷಯ ಬಂತು. ಕಿಟ್ಟಿಗೆ ನನಗಿಂತ ಜಾಸ್ತಿ ಗೊತ್ತಿತ್ತು, ಒಂದಷ್ಟು ನನ್ನದೂ ತಪ್ಪಿತ್ತಂತೆ. ಒಂದೂವರೆ ಆಯಿತು. ಬಾಲ್ ಕೆಳಗೆ ಬಿತ್ತು. ಲಾಗ್ಔಟ್ ಆದೆವು.

ರೆನೆಗೇಡ್ಸ್ ಅಲ್ಲೇ ನಿಂತಿದೆ, ಮೂರನೇ ಮಿಷನ್. ಮುಂದಿನ ಮಂಗಳವಾರ ನಾನಿಲ್ಲ, ಅಡಿಕೆ ತೋಟದವನ ಮನೆಗೆ ಹೋಗುತ್ತಿದ್ದೇನೆ, ಕೊಯ್ಲು ಇದೆಯಂತೆ.

ಅಪ್ಪೆಹುಳಿ:
ಆ ಸೈಟ್ ಗೆಳೆಯನಿಗೂ ಒಂದು ಫೋನ್ ಮಾಡಿ.

ರಾತ್ರಿಪಾಳಿ_ಟೈಟನ್:
ನೋಡೋಣ ಅಕ್ಕ.

ಸುಮ್ನೆ_ಓದ್ತೀನಿ:
ಬೋರ್‌ವೆಲ್ ಲಿಂಕ್ ಇನ್ನೂ ಬಂದಿಲ್ಲ. ನೀರು ಬಂತಾ ಕೊನೆಗೆ?

ರಾತ್ರಿಪಾಳಿ_ಟೈಟನ್:
680 ಅಡಿಗೆ. ಎರಡು ಇಂಚು.

ಮೂವತ್ತೆಂಟು_ದಾಟಿತು:
ಯಾವ ಊರು? ಎರಡು ಇಂಚು ಅಂದರೆ ಪರವಾಗಿಲ್ಲ, ನಮ್ಮ ಕಡೆ ಸಾವಿರ ಅಡಿಗೂ ಬರೀ ಧೂಳು.